ಲಜ್ಜೆ ಯಾರದು, ನೋವು ಯಾರದು?

ನಂದಗಡ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಂಗೊಳ್ಳಿ ರಾಯಣ್ಣ. 1831ರ ಜನವರಿ 26ರಂದು ಬ್ರಿಟಿಷರು ಆತನನ್ನು ಗಲ್ಲಿಗೇರಿಸಿದ್ದು ಖಾನಾಪುರ ತಾಲೂಕಿನ ಇದೇ ಊರಿನಲ್ಲಿ. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಜನ ಹರಕೆ ಹೊತ್ತು ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ, ಮಕ್ಕಳಾಗಲಿ ಎಂದು. ದರ್ಗಾಗಳ ಜಾಲಂದ್ರಕ್ಕೆ ಕಟ್ಟುವ ದಾರಗಳಲ್ಲಿಯೂ ಇದೇ ಬೇಡಿಕೆ ಎಷ್ಟೋ ಇರುತ್ತದೆ. ಹೆಣ್ಣಿನ ಒಡಲಿನ ಆಸೆಯನ್ನು ಹೀಗೆ ದಾರಿಹೋಕರಿಗೆಲ್ಲ ಕಾಣುವಂತೆ ಕೊಂಬೆಗೆ ತೂಗುಹಾಕಲು ನಮ್ಮ ಸೀಮೆಯಲ್ಲಿ ಯಾರಿಗೂ ಸಂಕೋಚವಿಲ್ಲ. ಬಸಿರು, ಬಾಣಂತನ, ಬಂಜೆತನ ಇವೆಲ್ಲ ಕಟ್ಟೆಯ ಮೇಲೆ ಕುಳಿತು ಮಾತಾಡುವ ವಿಷಯಗಳೇ. ಆದರೆ ಅದೇ ಒಡಲಿಗೆ ಕ್ಯಾನ್ಸರ್ ಬಂದು, ಚಿಕಿತ್ಸೆ ನಡೆದು, ರೋಗ ಹೋಗಿ, ಚಿಕಿತ್ಸೆಯ ಕಾರಣದಿಂದಲೇ ಆಕೆಯ ದಾಂಪತ್ಯ ಜೀವನ ಕೆಟ್ಟುಹೋಯಿತೆನ್ನಿ. ಆ ಮಾತನ್ನು ಆಕೆ ಎಲ್ಲಿ ಹೇಳಬೇಕು? ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥದ್ದನ್ನು ಬರೆಯುವುದು ಸರಿಯೇ ಎಂದು ಕೆಲವು ಓದುಗರು ಕೇಳಬಹುದು. ನಾವು ಎತ್ತಿಕೊಂಡಿರುವುದು ಆ ಪ್ರಶ್ನೆಯನ್ನೇ.

ನಮ್ಮ ದೂರದ ನೆಂಟರಲ್ಲಿ ಒಬ್ಬ ಹೆಂಗಸು ನಂದಗಡದವರು. ನಲವತ್ತರ ಒಳಗಿನ ವಯಸ್ಸು, ಮೂವರು ಮಕ್ಕಳು, ಪತಿ ಖಾನಾಪುರದ ಕಡೆ ಹಂಚಿನ ಕಾರ್ಖಾನೆಯಲ್ಲಿ ಕೆಲಸಗಾರ. ಅವರ ಹೆಸರನ್ನು ಬರೆಯುವುದಿಲ್ಲ, ಓಣಿಯನ್ನೂ ಹೇಳುವುದಿಲ್ಲ. ಕಥೆ ಬರೆಯುವ ನಮ್ಮಂಥವರ ಮುಂದೆ ಹೆಂಗಸರು ಮನಸ್ಸು ಬಿಚ್ಚಲು ಹಿಂಜರಿಯುತ್ತಾರೆ, ನಾಳೆ ಎಲ್ಲಿ ಅಚ್ಚಾಗಿಬಿಡುವುದೋ ಎಂದು. ಇವರು ಮಾತ್ರ, ಹೆಸರೊಂದನ್ನು ಬಿಟ್ಟು ಎಲ್ಲ ಬರೆಯಿರಿ, ನನ್ನ ಹಿಂದೆ ಹೋಗುವವಳಿಗಾದರೂ ಗೊತ್ತಿರಲಿ ಎಂದರು. ಅವರಿಗೆ ಬಂದದ್ದು ಗರ್ಭಕಂಠದ ಕ್ಯಾನ್ಸರ್. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಹೆಂಗಸರಿಗೆ ಹೊಸದಾಗಿ ಈ ರೋಗ ಕಂಡುಬಂತು, ಹತ್ತಿರ ಹತ್ತಿರ 80,000 ಮಂದಿ ಇದರಿಂದ ತೀರಿಕೊಂಡರು. ನಮ್ಮ ಹಳ್ಳಿಗಳ ಹೆಂಗಸರು ಬಿಳಿಸೆರಗನ್ನೂ ಅಕಾಲದ ರಕ್ತಸ್ರಾವವನ್ನೂ ತಿಂಗಳುಗಟ್ಟಲೆ ಬಚ್ಚಿಟ್ಟು, ರೋಗ ಬಲಿತ ಮೇಲೆ ದವಾಖಾನೆಗೆ ಹೋಗುವುದರಿಂದ ಬಹಳಷ್ಟು ಜನರಿಗೆ ಆಪರೇಷನ್ ಮಾಡುವ ಹಂತ ದಾಟಿರುತ್ತದೆ. ಆಗ ಉಳಿಯುವ ಮುಖ್ಯ ದಾರಿ ವಿಕಿರಣ ಚಿಕಿತ್ಸೆ. ಕನ್ನಡದವರು ಇದನ್ನು ‘ಕರೆಂಟ್ ಕೊಡೋದು’ ಎನ್ನುತ್ತಾರೆ, ಮರಾಠಿಯವರು ‘ಲೈಟ್’ ಎನ್ನುತ್ತಾರೆ, ನಮ್ಮ ಉರ್ದು ಮನೆಗಳಲ್ಲಿ ‘ಸಿಕಾಯಿ’ ಎಂಬ ಮಾತಿದೆ, ಅಂದರೆ ಕಾವು ಕೊಡುವುದು. ವಿಕಿರಣ ಎಂಬುದು ಪತ್ರಿಕೆಯವರ ಮಾತು.

ಅವರಿಗೆ ಕರೆಂಟ್ ಕೊಟ್ಟದ್ದು ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ. ವಾರಕ್ಕೆ ಐದು ದಿನದಂತೆ ಐದು ವಾರ ಹೊರಗಿನಿಂದ, ಆ ನಡುವೆ ವಾರಕ್ಕೊಮ್ಮೆ ಸಲೈನಿನಲ್ಲಿ ಔಷಧಿ, ಆಮೇಲೆ ಯೋನಿಯ ಮೂಲಕ ಗರ್ಭಕಂಠದ ಬಳಿಗೇ ಉಪಕರಣವಿಟ್ಟು ಒಳಗಿನಿಂದ ಕೆಲವು ಸಲ. ಈ ರೋಗಕ್ಕೆ ಜಗತ್ತಿನಾದ್ಯಂತ ನಡೆಯುವ ಕ್ರಮವೇ ಇದು. ರೋಗ ಹೋಯಿತು. ಇಂದಿಗೆ ಮೂರು ವರ್ಷ ದಾಟಿದೆ, ಅಲ್ಲಾಹನ ದಯದಿಂದ ಅವರು ಬದುಕಿದ್ದಾರೆ. ಆ ವೈದ್ಯರ ಕೈಗುಣವನ್ನು ಅವರು ಇಂದಿಗೂ ಪ್ರಾರ್ಥನೆಯಲ್ಲಿ ನೆನೆಯುತ್ತಾರೆ. ಮನೆಗೆ ಕಳಿಸುವಾಗ ಕೊಟ್ಟ ಕಾರ್ಡನ್ನು ನಾವು ನೋಡಿದೆವು. ಖಾರ ಕಡಿಮೆ ತಿನ್ನಬೇಕು, ಕರೆಂಟ್ ಕೊಟ್ಟ ಜಾಗಕ್ಕೆ ಸಾಬೂನು ಹಚ್ಚಬಾರದು, ನೀರು ಹೆಚ್ಚು ಕುಡಿಯಬೇಕು, ಮೂರು ತಿಂಗಳಿಗೊಮ್ಮೆ ಬರಬೇಕು. ಎಲ್ಲ ಸರಿಯಾಗಿಯೇ ಇತ್ತು. ಗಂಡ ಹೆಂಡಿರ ಸಂಬಂಧದ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಾಲ್ಕು ತಿಂಗಳ ನಂತರ ಒಂದು ರಾತ್ರಿ ಚೂರಿಯಿಂದ ಇರಿದಂಥ ನೋವು, ಹಾಸಿಗೆಯ ಮೇಲೆ ರಕ್ತ. ರೋಗ ಮರಳಿ ಬಂತೆಂದು ಆಕೆ ನಡುಗಿದರು. ತನ್ನಿಂದಲೇ ಏನೋ ಆಯಿತೆಂದು ಆತ ನಡುಗಿದರು. ಮರುದಿನದಿಂದ ಆತನ ಹಾಸಿಗೆ ಪಡಸಾಲೆಗೆ ಬಂತು. ಮುಂದಿನ ತಪಾಸಣೆಗೆ ಆಕೆ ಹೋಗಲಿಲ್ಲ. ಅಲ್ಲಿ ಒಳಗೆ ಪರೀಕ್ಷೆ ಮಾಡುವ ನೋವಿನ ಭಯ ಒಂದು, ವೈದ್ಯರು ಏನು ಹೇಳಿಬಿಡುತ್ತಾರೋ ಎಂಬ ಭಯ ಇನ್ನೊಂದು.

ನಡೆದದ್ದೇನೆಂದು ತಿಳಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಗಡ್ಡೆಯನ್ನು ಸುಡುವ ಕಿರಣ ಅದರ ಸುತ್ತಲಿನ ಮೆತ್ತನೆಯ ಪೊರೆಯನ್ನೂ ಸುಡುತ್ತದೆ. ಯೋನಿಯ ಒಳಪದರ ತೆಳುವಾಗುತ್ತದೆ, ಅದಕ್ಕೆ ಹೋಗುವ ಸೂಕ್ಷ್ಮ ರಕ್ತನಾಳಗಳು ಕಡಿಮೆಯಾಗುತ್ತವೆ, ಮೆತ್ತಗಿದ್ದ ಕಡೆ ಗಾಯ ಮಾಗಿದ ಕಲೆಯಂಥ ಗಟ್ಟಿತನ ಬರುತ್ತದೆ. ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಿರಿದಾಗಬಹುದು, ಗಿಡ್ಡವಾಗಬಹುದು. ಇದೆಲ್ಲ ಒಂದು ದಿನದಲ್ಲಿ ಆಗುವುದಿಲ್ಲ. ತಿಂಗಳುಗಳಲ್ಲಿ, ಒಂದೆರಡು ವರ್ಷಗಳಲ್ಲಿ ಸದ್ದಿಲ್ಲದೆ ಆಗುತ್ತದೆ. ಅತ್ತ ಅಂಡಾಶಯಗಳೂ ನಿಂತುಹೋಗುತ್ತವೆ. ನಲವತ್ತರ ಆಸುಪಾಸಿನ ಹೆಂಗಸಿನ ಅಂಡಾಶಯ ನಿಲ್ಲಲು 6 ಗ್ರೇಯಷ್ಟು ವಿಕಿರಣ ಸಾಕು. ಈ ಚಿಕಿತ್ಸೆಯಲ್ಲಿ ಕಿಬ್ಬೊಟ್ಟೆಗೆ ಹೊರಗಿನಿಂದಲೇ 45ರಿಂದ 50 ಗ್ರೇ ಕೊಡುತ್ತಾರೆ. ಹಾಗಾಗಿ ಐವತ್ತಕ್ಕೆ ಬರಬೇಕಾದ ಮುಟ್ಟಿನ ಕೊನೆ ಮೂವತ್ತೈದಕ್ಕೇ ಬರುತ್ತದೆ. ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು, ಒಳಗಿನ ಒಣಗುವಿಕೆ, ಆಸೆ ಬತ್ತುವುದು ಒಟ್ಟಿಗೆ ಬರುತ್ತವೆ. ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ‘ಎಂಬ್ರೇಸ್’ ಎಂಬ ಅಧ್ಯಯನದ 2014ರ ವರದಿಯಂತೆ ಎರಡು ವರ್ಷದೊಳಗೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಯೋನಿಗೆ ಸಂಬಂಧಿಸಿದ ಯಾವುದಾದರೊಂದು ತೊಂದರೆ ಕಾಣಿಸಿಕೊಂಡಿದೆ. ಆದರೆ ತೀವ್ರ ಸ್ವರೂಪದ್ದು ನೂರಕ್ಕೆ ನಾಲ್ವರಿಗಿಂತ ಕಡಿಮೆ. ಈ ಎರಡನೆಯ ಅಂಕಿಯನ್ನು ನೆನಪಿಡಬೇಕು. ಏಕೆಂದರೆ ಬಹುಪಾಲು ತೊಂದರೆಗಳು ಪರಿಹಾರವಿರುವಂಥವು. ಚಿಕಿತ್ಸೆ ಮುಗಿದು ಗಾಯ ಆರಿದ ಮೇಲೆ ವೈದ್ಯರು ಹೇಳಿದ ದಿನದಿಂದ ಡೈಲೇಟರ್ ಎಂಬ ನಯವಾದ ಕೊಳವೆಯನ್ನು ಜೆಲ್ ಹಚ್ಚಿ ವಾರಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬಳಸಿದರೆ ಗೋಡೆಗಳು ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಒಣಗುವಿಕೆಗೆ ಜೆಲ್ ಇದೆ, ವೈದ್ಯರು ಒಪ್ಪಿದವರಿಗೆ ಹಾರ್ಮೋನಿನ ಮುಲಾಮೂ ಇದೆ. ಚಿಕಿತ್ಸೆಗೆ ಮೊದಲೇ ಗೊತ್ತಿದ್ದರೆ ಕೆಲವು ಎಳೆಯ ಹೆಣ್ಣುಮಕ್ಕಳ ಅಂಡಾಶಯವನ್ನು ಸಣ್ಣ ಆಪರೇಷನ್ ಮಾಡಿ ಕಿರಣ ತಾಗದ ಎತ್ತರಕ್ಕೆ ಸರಿಸಿಡುವುದೂ ಉಂಟು. ಇವುಗಳಲ್ಲಿ ಯಾವುದೂ ದೊಡ್ಡ ವಿಜ್ಞಾನವಲ್ಲ. ಯಾರಾದರೂ ಬಾಯಿ ಬಿಟ್ಟು ಹೇಳಬೇಕು, ಅಷ್ಟೇ.

ಏಕೆ ಹೇಳಲಿಲ್ಲ ಎಂದರೆ ವೈದ್ಯರನ್ನು ದೂರುವುದು ಸುಲಭ. ನಮ್ಮ ನೆಂಟರ ಪ್ರಕರಣವನ್ನೇ ನೋಡಿ. ಆಕೆಯ ಮನೆಮಾತು ಉರ್ದು, ಪೇಟೆಯಲ್ಲಿ ಮರಾಠಿ ಆಡುತ್ತಾರೆ, ಕನ್ನಡ ಅರ್ಧಂಬರ್ಧ. ವೈದ್ಯರದ್ದು ಕನ್ನಡ ಮತ್ತು ಇಂಗ್ಲಿಷ್. ನಡುವೆ ದುಭಾಷಿಯಾಗಿ ನಿಂತದ್ದು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ಮಗ. ತಾಯಿಯ ಯೋನಿ ಕಿರಿದಾಗುತ್ತದೆಂದು ಯಾವ ವೈದ್ಯ ಹದಿನಾರರ ಮಗನ ಬಾಯಿಂದ ತಾಯಿಗೆ ಹೇಳಿಸಿಯಾನು? ಗಡಿನಾಡಿನ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ನೋಟ. ರೋಗಿ ಒಬ್ಬಳು, ಅವಳ ಪರವಾಗಿ ಕೇಳುವವರು ಅಣ್ಣ, ಮೈದುನ, ಮಗ. ಇನ್ನು ಭಾಷೆ ಒಂದೇ ಆದರೂ ಪದ ಸಿಗುವುದಿಲ್ಲ. ನರ್ಸ್ ಒಬ್ಬರು ನಮಗೆ ಹೇಳಿದ ಸಂಗತಿ ಇದು. ಹೊಸದಾಗಿ ಬಂದ ವೈದ್ಯೆಯೊಬ್ಬರು ನಯವಾಗಿ, “ಸಂಸಾರ ಮಾಡ್ತೀರೇನ್ರಿ?” ಎಂದು ಕೇಳಿದರಂತೆ. ಹಳ್ಳಿಯ ಹೆಂಗಸು, “ಮಾಡ್ದ ಹೆಂಗರೀ ಡಾಕ್ಟರ? ಮೂರ ಮಕ್ಕಳದಾವ, ಎಮ್ಮಿ ಐತಿ” ಎಂದರಂತೆ. ಫೈಲಿನಲ್ಲಿ ‘ತೊಂದರೆ ಇಲ್ಲ’ ಎಂದು ದಾಖಲಾಯಿತು. ನಾವು ನಕ್ಕೆವು, ಆಮೇಲೆ ನಗು ನಿಂತಿತು. ಗಂಡಸಿಗೆ ಇಂಥ ತೊಂದರೆಯಾದರೆ ಅದಕ್ಕೆ ‘ಗಂಡಸ್ತನ’ ಎಂಬ ಸಿದ್ಧ ಪದವಿದೆ. ಅದು ಹೋಯಿತೆಂದರೆ ಏನು ಹೋಯಿತೆಂದು ಇಡೀ ಊರಿಗೆ ಅರ್ಥವಾಗುತ್ತದೆ. ‘ಹೆಣ್ತನ’ ಎಂದರೆ ನಮ್ಮ ಭಾಷೆಯಲ್ಲಿ ನಾಚಿಕೆ, ತಾಳ್ಮೆ, ಒನಪು. ಅದರಲ್ಲಿ ಆಕೆಯ ಸುಖದ ಲೆಕ್ಕವಿಲ್ಲ. ಪದವೇ ಇಲ್ಲದ ನಷ್ಟವನ್ನು ಆಕೆ ಯಾರಿಗೆ ಹೇಗೆ ವರದಿ ಮಾಡಬೇಕು?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಅದನ್ನು ಆಡುವವರು ಕೆಟ್ಟವರಲ್ಲ, ಬಹುತೇಕ ಪ್ರೀತಿಯಿಂದಲೇ ಆಡುತ್ತಾರೆ. ಜೀವ ಉಳಿಯಿತಲ್ಲ, ಇನ್ನೇನು ಬೇಕು? ಮೂರು ಮಕ್ಕಳ ತಾಯಿಗೆ ಈ ವಯಸ್ಸಿನಲ್ಲಿ ಅದರ ಚಿಂತೆ ಯಾಕೆ? ನಮ್ಮ ನೆಂಟರಿಗೆ ಸ್ವಂತ ತಾಯಿಯೇ ಹೀಗೆಂದರು. ಈ ಮಾತಿನಲ್ಲಿ ಒಂದು ಲೆಕ್ಕ ಅಡಗಿದೆ. ಉಳಿದ ಜೀವಕ್ಕೆ ಕೃತಜ್ಞತೆ ಸಲ್ಲಿಸುವುದೇ ಇನ್ನು ಮುಂದೆ ಆಕೆಯ ಕೆಲಸ, ಆ ಜೀವದೊಳಗೆ ಏನನ್ನಾದರೂ ಬಯಸುವುದು ಕೃತಘ್ನತೆ ಎಂಬ ಲೆಕ್ಕ. ಆದರೆ ಕಾಲು ಮುರಿದವನಿಗೆ ಪ್ರಾಣ ಉಳಿಯಿತಲ್ಲ, ನಡೆಯುವ ಚಿಂತೆ ಯಾಕೆ ಎಂದು ನಾವು ಕೇಳುವುದಿಲ್ಲ. ಕೋಲು ಕೊಡುತ್ತೇವೆ, ನಡೆಸುತ್ತೇವೆ. ಗಂಟಲಿನ ಕ್ಯಾನ್ಸರಿನಿಂದ ದನಿ ಹೋದವನಿಗೆ ಮಾತು ಕಲಿಸಲು ಆಸ್ಪತ್ರೆಯಲ್ಲಿ ಒಬ್ಬರು ಇರುತ್ತಾರೆ. ಕೃತಜ್ಞತೆಯ ಬಾಕಿಯನ್ನು ಈ ಒಂದು ಅಂಗದ ಮೇಲೆ, ಅದೂ ಹೆಣ್ಣಿನದರ ಮೇಲೆ ಮಾತ್ರ ಹೊರಿಸುವುದು ಯಾವ ನ್ಯಾಯ? ವಿಕಿರಣದ ಗಾಯ ಗುದನಾಳದ ಕ್ಯಾನ್ಸರ್ ಆದ ಹೆಂಗಸಿಗೂ ಹೀಗೆಯೇ ಬರಬಹುದು. ಸ್ತನದ ಕ್ಯಾನ್ಸರಿನವರಿಗೆ ಬೇರೆ ರೂಪದಲ್ಲಿ, ಕನ್ನಡಿಯ ಮುಂದೆ ನಿಲ್ಲಲಾಗದ ರೂಪದಲ್ಲಿ ಬರುತ್ತದೆ. ಅವರಿಗೂ ಇದೇ ಉತ್ತರ ಸಿಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೊದಲೇ ಹೇಳಿದರೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟು ಹೋದರೆ? ಒಬ್ಬ ಹಿರಿಯ ವೈದ್ಯರು ನಮ್ಮೊಡನೆ ಇದನ್ನೇ ವಾದಿಸಿದರು. ಐದು ವಾರದ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ರೋಗ ಮತ್ತೆ ತಲೆಯೆತ್ತುತ್ತದೆ, ಆಮೇಲೆ ಕೈಗೆ ಸಿಗುವುದಿಲ್ಲ. ಸತ್ಯ ಹೇಳಿ ಕೊಲ್ಲುವುದಕ್ಕಿಂತ ಮೌನವಾಗಿದ್ದು ಉಳಿಸುವುದು ಮೇಲು ಎಂದರು. ಇದಕ್ಕೆ ಥಟ್ಟನೆ ಉತ್ತರ ಕೊಡಲು ನಮಗೆ ಆಗಲಿಲ್ಲ, ಏಕೆಂದರೆ ಆ ಭಯ ನಿಜವಾದದ್ದು. ಆದರೂ ಎರಡು ಸಂಗತಿ ಉಳಿಯುತ್ತವೆ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಭೇದಿಯಾಗುತ್ತದೆ ಎಂದು ಅದೇ ವೈದ್ಯರು ಮೊದಲೇ ಹೇಳುತ್ತಾರೆ. ಅದನ್ನು ಕೇಳಿಯೂ ಹೆಂಗಸರು ಬಸ್ಸು ಹತ್ತಿ ಬರುತ್ತಾರೆ, ಸಾಯುವುದಕ್ಕಿಂತ ಅದು ಮೇಲೆಂದು ತೂಗಿ ನೋಡುವ ಬುದ್ಧಿ ಅವರಿಗಿದೆ. ಈ ಒಂದು ವಿಷಯದಲ್ಲಿ ಮಾತ್ರ ಅವರಿಗೆ ತೂಗಲು ಬರುವುದಿಲ್ಲವೆಂದು ಮೊದಲೇ ತೀರ್ಮಾನಿಸಿದವರು ಯಾರು? ಎರಡನೆಯದು, ಮೌನ ಜೀವ ಉಳಿಸುತ್ತದೆ ಎಂಬುದು ಅರ್ಧ ಮಾತ್ರ ನಿಜ. ನಮ್ಮ ನೆಂಟರು ತಪಾಸಣೆಗೆ ಹೋಗುವುದನ್ನು ಬಿಟ್ಟದ್ದು ಹೇಳದೆ ಇದ್ದುದರ ಫಲ. ನೋವು ರೋಗದ್ದಲ್ಲ, ಚಿಕಿತ್ಸೆಯದ್ದು ಎಂದು ಒಂದು ವಾಕ್ಯ ಕಿವಿಗೆ ಬಿದ್ದಿದ್ದರೆ ಅವರು ಹೋಗುತ್ತಿದ್ದರು. ದಾರಿ ಕಿರಿದಾದ ಮೇಲೆ ವೈದ್ಯರಿಗೂ ಒಳಗೆ ಪರೀಕ್ಷಿಸಿ ನೋಡಲಾಗುವುದಿಲ್ಲ, ಮರುಕಳಿಸಿದ ರೋಗ ಕಣ್ಣಿಗೆ ಬೀಳುವುದು ತಡವಾಗುತ್ತದೆ. ಆದ್ದರಿಂದ ಇದು ಬರೀ ಸುಖದ ಪ್ರಶ್ನೆ ಎಂದು ತಳ್ಳಿಹಾಕುವವರಿಗೂ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಇನ್ನು ಹಯಾ, ಅಂದರೆ ಲಜ್ಜೆಯ ಮಾತು. ಲಜ್ಜೆ ವಿಶ್ವಾಸದ ಭಾಗವೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ, ನಾವೂ ಅದನ್ನು ನಂಬುತ್ತೇವೆ. ಆದರೆ ಅದೇ ಪರಂಪರೆಯಲ್ಲಿ ಹ. ಉಮ್ಮು ಸುಲೈಮ್(ರ) ಅವರ ಪ್ರಸಂಗವೂ ಇದೆ. ಅಲ್ಲಾಹನು ಸತ್ಯದ ವಿಷಯದಲ್ಲಿ ನಾಚುವುದಿಲ್ಲ ಎಂದು ಪೀಠಿಕೆ ಹಾಕಿ, ನಿದ್ದೆಯಲ್ಲಿ ಹೆಣ್ಣಿಗೂ ಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಅವರು ಪ್ರವಾದಿವರ್ಯರನ್ನು(ಸ) ನೇರವಾಗಿ ಕೇಳಿದರು. ಅಲ್ಲೇ ಇದ್ದ ಹ. ಉಮ್ಮು ಸಲಮಾ(ರ) ನಾಚಿ ಮುಖ ಮುಚ್ಚಿಕೊಂಡರೆಂದು ವರದಿಯಲ್ಲಿದೆ. ಪ್ರವಾದಿವರ್ಯರು(ಸ) ನಾಚಿದವರನ್ನು ಗದರಿಸಲಿಲ್ಲ, ಕೇಳಿದವರನ್ನೂ ಗದರಿಸಲಿಲ್ಲ, ಉತ್ತರ ಕೊಟ್ಟರು. ನಿಲ್ಲದ ರಕ್ತಸ್ರಾವದಿಂದ ಬಳಲುತ್ತಿದ್ದ ಹ. ಫಾತಿಮಾ ಬಿನ್ತ್ ಅಬೀ ಹುಬೈಶ್(ರ) ತಾನು ನಮಾಝ್ ಬಿಡಬೇಕೇ ಎಂದು ಕೇಳಿದಾಗ, ಅದು ಮುಟ್ಟಲ್ಲ, ಒಂದು ನರದ ಸ್ರಾವ ಎಂದು ಬಿಡಿಸಿ ಹೇಳಿದರು. ಕ್ಯಾನ್ಸರಿನ ರಕ್ತಸ್ರಾವದಲ್ಲಿ ತಿಂಗಳುಗಟ್ಟಲೆ ನಮಾಝ್ ಬಿಟ್ಟು ಅಳುತ್ತ ಕುಳಿತ ಹೆಂಗಸರನ್ನು ನಾವು ಬಲ್ಲೆವು. ಹದಿನಾಲ್ಕು ಶತಮಾನಗಳ ಹಿಂದಿನ ಆ ಉತ್ತರ ಅವರ ಓಣಿಗೆ ಇನ್ನೂ ತಲುಪಿಲ್ಲ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮದುಮಗಳ ಜಹೇಜಿನೊಂದಿಗೆ ಮೌಲಾನಾ ಅಶ್ರಫ್ ಅಲಿ ಥಾನ್ವಿಯವರ ‘ಬೆಹಿಶ್ತಿ ಜೇವರ್’ ಕೊಡುವ ರೂಢಿ ಉರ್ದು ಮನೆಗಳಲ್ಲಿತ್ತು. ಹೆಣ್ಣಿನ ಬಗ್ಗೆ ಅದು ಹೇಳುವ ಹಲವು ಮಾತುಗಳನ್ನು ಇಂದು ನಾವು ಒಪ್ಪುವುದಿಲ್ಲ. ಆದರೆ ಮುಟ್ಟು, ಸ್ರಾವ, ಸ್ನಾನ ಇವುಗಳ ಕುರಿತು ಅದರಲ್ಲಿರುವ ಬಿಚ್ಚುಮಾತು ಇಂದಿನ ಆಸ್ಪತ್ರೆಯ ಕಾರ್ಡಿನಲ್ಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಹಾಗೆಯೇ ಫಿಕ್ಹ್ ಗ್ರಂಥಗಳು. ದಾರಿ ಮುಚ್ಚಿಹೋದ ಯೋನಿಗೆ ಅವುಗಳಲ್ಲಿ ‘ರತ್ಕ್’ ಎಂಬ ಹೆಸರೇ ಇದೆ. ಆದರೆ ಅದು ಬರುವುದು ಮದುವೆಯನ್ನು ರದ್ದುಮಾಡಲು ಕಾರಣವಾಗಬಲ್ಲ ಕೊರತೆಗಳ ಪಟ್ಟಿಯಲ್ಲಿ, ಗಂಡನ ಹಕ್ಕಿನ ಕಡೆಯಲ್ಲಿ. ಅದೇ ಪಟ್ಟಿಯಲ್ಲಿ ಗಂಡಿನ ಷಂಡತನವೂ ಇದೆ. ಅಂಥವನಿಗೆ ಒಂದು ವರ್ಷದ ಗಡುವು ಕೊಟ್ಟು, ಆಮೇಲೂ ಸರಿಹೋಗದಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದೆಂದು ನ್ಯಾಯಪಂಡಿತರು ಹೇಳಿದ್ದಾರೆ. ನಮ್ಮ ದೇಶದ 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಲ್ಲಿಯೂ ಮದುವೆಯ ಕಾಲದಿಂದ ಇರುವ ಪತಿಯ ಷಂಡತನ ಹೆಂಡತಿ ವಿಚ್ಛೇದನ ಕೋರಲು ಒಂದು ಆಧಾರ. ಇದರ ಅರ್ಥವೇನು? ಹೆಣ್ಣಿನ ಬಯಕೆಯೂ ಹಕ್ಕು ಎಂದು ನಮ್ಮ ಕಾನೂನು, ಧರ್ಮಶಾಸ್ತ್ರ ಎರಡೂ ಎಂದೋ ಒಪ್ಪಿವೆ. ಹಾಗಿದ್ದ ಮೇಲೆ ಈ ನಷ್ಟವನ್ನು ಗಂಡನಿಗಾದ ಅನನುಕೂಲವೆಂದು ಮಾತ್ರ ಅಳೆಯುವುದು ಎಲ್ಲಿಯ ರೂಢಿ? ಅತ್ತೆ ಒಂದು ದಿನ ಎರಡನೆಯ ನಿಕಾಹಿನ ಮಾತೆತ್ತಿದರಂತೆ, ಮಗ ಎಷ್ಟು ದಿನ ಪಡಸಾಲೆಯಲ್ಲಿ ಮಲಗಬೇಕು ಎಂದು. ಸೊಸೆ ಎಷ್ಟು ದಿನ ಒಳಮನೆಯಲ್ಲಿ ಒಬ್ಬಳೇ ಮಲಗಬೇಕು ಎಂದು ಯಾರೂ ಕೇಳಲಿಲ್ಲ. ಬೇರೆ ಸಮುದಾಯಗಳ ಮನೆಗಳಲ್ಲಿ ನಿಕಾಹಿನ ಬದಲು ‘ನಾಲ್ಕು ದಿನ ತವರಿಗೆ ಹೋಗಿ ಬರಲಿ’ ಎನ್ನುತ್ತಾರೆ. ಆ ನಾಲ್ಕು ದಿನ ಮುಗಿಯುವುದೇ ಇಲ್ಲ.

ಹಾಗಾದರೆ ಹೇಳಬೇಕಾದದ್ದು ಯಾರಿಗೆ? ಇದು ನಿಜವಾಗಿಯೂ ತೊಡಕಿನ ಪ್ರಶ್ನೆ. ಗಂಡನಿಗೆ ಹೇಳದಿದ್ದರೆ ಆತನ ಸಹಕಾರ ಸಿಗುವುದಿಲ್ಲ. ಹೇಳಿದರೆ, ಅದರಲ್ಲೂ ಮನೆಯ ಹಿರಿಯರಿಗೆ ತಿಳಿದರೆ, ಅದೇ ಮಾತು ಆಕೆಯನ್ನು ಹೊರಗಟ್ಟಲು ಆಯುಧವಾದೀತು. ನಾವು ಬಹಳ ಯೋಚಿಸಿದ ಮೇಲೆ ಕಂಡುಕೊಂಡದ್ದು ಇಷ್ಟು. ಮೊದಲು ಆಕೆಗೆ, ಆಕೆಯೊಬ್ಬಳಿಗೇ, ಚಿಕಿತ್ಸೆ ಶುರುವಾಗುವ ಮೊದಲು ಹೇಳಬೇಕು. ಗಂಡನಿಗೆ ಆಕೆ ಒಪ್ಪಿದರೆ, ಆಕೆಯ ಎದುರಿಗೇ ಹೇಳಬೇಕು. ಉಳಿದವರಿಗೆ ಹೇಳುವ ಅಗತ್ಯವಿಲ್ಲ. ಇದು ನಮ್ಮ ಕಲ್ಪನೆಯ ಆದರ್ಶವೇನಲ್ಲ. ಸಮೀರಾ ಕೊಹ್ಲಿ ಎಂಬ ಮಹಿಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ತೀರ್ಪು ನೀಡಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಆಕೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಲಾಗಿತ್ತು. ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗುವ ತುರ್ತು ಅಲ್ಲಿರಲಿಲ್ಲ, ಪ್ರಾಯಕ್ಕೆ ಬಂದ ರೋಗಿಗೆ ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿಗಳು ಇವನ್ನೆಲ್ಲ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ನ್ಯಾಯಾಲಯ ಹೇಳಿತು. ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ನಮ್ಮ ನೆಂಟರ ಕಾಗದದಲ್ಲಿ ಸಹಿ ಇದ್ದದ್ದು ಅವರ ಅಣ್ಣನದು.

ಗಂಡಸರ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ವಿಕಿರಣ ವಿಭಾಗದ ಹೊರಗೆ ಊಟದ ಡಬ್ಬಿ ಹಿಡಿದು ಐದು ವಾರ ಕುಳಿತ ಗಂಡಂದಿರು ಬೇಕಾದಷ್ಟಿದ್ದಾರೆ, ಈತನೂ ಅವರಲ್ಲೊಬ್ಬರು. ಪಡಸಾಲೆಗೆ ಹಾಸಿಗೆ ತಂದದ್ದು ಬೇಸರದಿಂದ ಎಂದು ಆಕೆ ತಿಳಿದಿದ್ದರು. ಆತ ನಮ್ಮ ಮನೆಯ ಗಂಡಸರೊಬ್ಬರ ಬಳಿ ಬೇರೆಯೇ ಹೇಳಿದರು. ಅವಳ ಮೈಯಲ್ಲಿ ಕರೆಂಟ್ ಇನ್ನೂ ಉಳಿದಿದೆಯೇ, ತನ್ನಿಂದ ಅವಳಿಗೆ ರೋಗ ಮತ್ತೆ ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಆತ ಎರಡು ವರ್ಷ ಯಾರಿಗೂ ಕೇಳದೆ ಹೊತ್ತು ತಿರುಗಿದ್ದರು. ಎರಡಕ್ಕೂ ಉತ್ತರ ಇಲ್ಲ ಎಂಬುದೇ. ಇಂಥ ಚಿಕಿತ್ಸೆ ಮುಗಿಸಿ ಮನೆಗೆ ಬಂದವಳ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಕೂಡುವುದರಿಂದ ಮರುಕಳಿಸುವುದೂ ಇಲ್ಲ. ಈ ಕ್ಯಾನ್ಸರಿನ ಹಿಂದೆ ಎಚ್‌ಪಿವಿ ಎಂಬ ವೈರಸ್ ಇದೆ, ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅದು ದೇಹ ಸಂಬಂಧದಿಂದ ಹರಡುವುದೆಂದು ಅರ್ಧ ಕೇಳಿದವರು ಹೆಂಡತಿಯ ನಡತೆಯನ್ನೇ ಶಂಕಿಸುವುದುಂಟು. ದಾಂಪತ್ಯ ನಡೆಸುವ ಬಹುತೇಕ ಗಂಡು ಹೆಣ್ಣುಗಳಿಗೆ ಒಂದಲ್ಲ ಒಂದು ಕಾಲದಲ್ಲಿ ಅದು ತಗಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಅದರಿಂದ ಯಾರ ಶೀಲವನ್ನೂ ಅಳೆಯಲಾಗುವುದಿಲ್ಲ. ಕುರ್‌ಆನ್ ಪತಿ ಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಿದೆ. ಆ ಹೋಲಿಕೆಯನ್ನು ಮದುವೆಯ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸುಟ್ಟ ಗಾಯದ ಮೇಲೆ ಬಟ್ಟೆ ಹೊದಿಸುವವರು ಎಷ್ಟು ಮೆಲ್ಲಗೆ ಹೊದಿಸುತ್ತಾರೆಂಬುದನ್ನು ಯಾವ ಪ್ರವಚನಕಾರರೂ ಹೇಳಿದ್ದು ನೆನಪಿಲ್ಲ.

ಕನ್ನಡದಲ್ಲಿ ಇಂಥ ಮಾತಿಗೆ ಜಾಗವೇ ಇಲ್ಲವೆಂದು ಯಾರಾದರೂ ಹೇಳಿದರೆ ಡಾ. ಅನುಪಮಾ ನಿರಂಜನರ ಹೆಸರು ಹೇಳಬೇಕು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅವರು ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಪುಸ್ತಕಗಳಲ್ಲಿ ದೇಹದ ವಿಷಯವನ್ನು ಅಕ್ಕ ತಂಗಿಗೆ ಹೇಳುವ ಧಾಟಿಯಲ್ಲಿ ಬರೆದರು. ಆ ಪುಸ್ತಕಗಳನ್ನು ನಮ್ಮ ತಾಯಂದಿರು ಸೀರೆಗಳ ನಡುವೆ ಇಟ್ಟು ಓದಿದರು. ಅವರು ಸ್ವತಃ ಕ್ಯಾನ್ಸರಿನೊಡನೆ ಬಾಳಿ 1991ರಲ್ಲಿ ತೀರಿಕೊಂಡರು. ಅಂದರೆ ಪದಗಳಿವೆ, ಅವನ್ನು ಗೌರವದಿಂದ ಆಡಿದವರೂ ಇದ್ದರು. ಅವರ ನಂತರ ಆ ಧಾಟಿಯನ್ನು ಆಸ್ಪತ್ರೆಯ ಕೋಣೆಗೆ ತಂದವರು ಕಡಿಮೆ.

ಚಿಕಿತ್ಸೆ ಈಗ ಮೊದಲಿನಷ್ಟು ದೂರವಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾದಾಗ ನಮ್ಮ ಕಡೆಯವರಿಗೆ ಅದು ಬೇರೆ ರಾಜ್ಯದಷ್ಟು ದೂರ. ಆಮೇಲೆ ಹುಬ್ಬಳ್ಳಿಯ ನವನಗರಕ್ಕೆ ಕ್ಯಾನ್ಸರ್ ಆಸ್ಪತ್ರೆ ಬಂತು. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿಯೇ ಕೆಎಲ್‌ಇಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಬಡವರ ಕಾರ್ಡಿಗೆ ಸರಕಾರದ ಯೋಜನೆಯಿದೆ. ನಂದಗಡದಿಂದ ಹೊರಟ ಹೆಂಗಸು ಇನ್ನು ಮುಂದೆ ಐದು ವಾರ ಪರರ ಮನೆಯಲ್ಲಿ ಉಳಿಯಬೇಕಾಗದಿರಬಹುದು. ಹೀಗಿರುವಾಗ ಒಂದು ಹಾಳೆ ಕಾಗದವಾದರೂ ಇರಲೆಂದು ಪರಿಚಯದ ವೈದ್ಯೆಯೊಬ್ಬರ ನೆರವಿನಿಂದ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಒಂದೊಂದು ಪುಟ ಬರೆಸಿದೆವು. ನೋವಾಗಬಹುದು, ಅದು ರೋಗ ಮರಳಿದ್ದೆಂದು ತಿಳಿದು ಹೆದರಬೇಡಿ, ಬಂದು ತೋರಿಸಿ, ಮುಟ್ಟು ನಿಲ್ಲುತ್ತದೆ, ಡೈಲೇಟರ್ ಬಗ್ಗೆ ನರ್ಸನ್ನು ಕೇಳಿ, ಚಿಕಿತ್ಸೆ ನಡೆಯುತ್ತಿರುವಾಗ ಬಳಸಬೇಡಿ, ಮುಗಿದ ಮೇಲೆ ಅವರು ಹೇಳಿದಾಗ ಶುರುಮಾಡಿ, ಜೆಲ್ ಇದೆ, ದುಭಾಷಿ ಬೇಕಿದ್ದರೆ ಹೆಂಗಸನ್ನೇ ಕೇಳಿ. ಇಷ್ಟೇ ಅದರಲ್ಲಿರುವುದು. ನಮ್ಮ ನೆಂಟರು ಉರ್ದು ಪುಟ ಓದಿ, ಹೆದರಬೇಡಿ ಎಂಬ ಸಾಲು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರಲಿ ಎಂದರು. ಈಗ ಅವರು ತಪಾಸಣೆಗೆ ಮತ್ತೆ ಹೋಗುತ್ತಿದ್ದಾರೆ. ಉಳಿದದ್ದು ಅವರಿಬ್ಬರ ಮನೆಯ ಮಾತು.

ಕನ್ನಡದ ಪುಟವನ್ನು ಆ ಕಡೆಯ ಆಶಾ ಕಾರ್ಯಕರ್ತೆಯೊಬ್ಬರಿಗೆ ಕೊಟ್ಟೆವು. ಅವರು ನಿಂತಲ್ಲೇ ಓದಿ ಮುಗಿಸಿ, “ನಮ್ಮ ಓಣ್ಯಾಗ ಒಬ್ಬಾಕಿಗೆ ಕರೆಂಟ್ ಆಗೇತ್ರಿ. ಗಂಡ ತೀರಿ ಹತ್ತು ವರ್ಷಾತು. ಆಕಿಗೂ ಇದನ್ನ ಕೊಡಬೇಕೇನ್ರಿ?” ಎಂದು ಕೇಳಿದರು. ಕೊಡಬೇಕೆಂದೆವು. ಆಕೆಗೂ ತಪಾಸಣೆ ನೋವಿಲ್ಲದೆ ಆಗಬೇಕು, ಆಕೆಯ ಮೈಯಲ್ಲಿ ಏನಾಗುತ್ತಿದೆಯೆಂದು ಆಕೆಗೂ ಗೊತ್ತಿರಬೇಕು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇನ್ನೂ ಎರಡು ಕೊಡ್ರಿ” ಎಂದು ಕೈ ಚಾಚಿದರು.